ಬೀದರ್ ಥಂಡಿಗೆ ಕೋಟು, ಜಾಕೆಟ್ ಯಾವುದು ತಗೋಬೇಕು? ಬೆಚ್ಚಗೂ ಇರಬೇಕು, ಚೆಂದವೂ ಕಾಣಬೇಕು

ಶ್ರೀದೇವಿ, ಬೀದರ್

ನಮಸ್ಕಾರ ರೀ ಎಲ್ಲರಿಗೂ. ಚಳಿಗಾಲದ ಬಟ್ಟೆ ಬಗ್ಗೆ ತಿಳಿದವರು ಸ್ವಲ್ಪ ದಾರಿ ತೋರಿಸಿ.

ನಮ್ಮ ಮನೆಯವರು ಭಾಲ್ಕಿ ರಸ್ತೆಯ ಒಂದು ಊರಲ್ಲಿ ಶಾಲೆ ಮಾಸ್ತರು. ಮುಂಜಾನೆ ಮಂಜು ಕರಗುವ ಮೊದಲೇ ಬೈಕ್ ತೆಗೆಯುತ್ತಾರೆ. ಒಳಗೆ ಎರಡು ಸ್ವೆಟರ್, ಕಿವಿಗೆ ಮಫ್ಲರ್. ಆದರೂ ಶಾಲೆ ಮುಟ್ಟುವಷ್ಟರಲ್ಲಿ ಎದೆಯೆಲ್ಲ ಥಂಡಿ ಹಿಡಿದಿರುತ್ತದೆ. ಮಧ್ಯಾಹ್ನ ನೋಡಿದರೆ ಚುರುಚುರು ಬಿಸಿಲು. ಎರಡೂ ಸ್ವೆಟರ್ ಬಿಚ್ಚಿ ಕುರ್ಚಿ ಮೇಲೆ ಹಾಕಬೇಕು.

ನನ್ನದು ಸೀರೆ. ಆಫೀಸಿಗೆ ಸ್ಕೂಟಿ ಮೇಲೆ ಹೋಗುತ್ತೇನೆ. ಶಾಲು ಹೊದ್ದರೆ ಗಾಳಿಗೆ ಜಾರುತ್ತದೆ, ಸ್ವೆಟರ್ ಹಾಕಿದರೆ ಸೀರೆಯ ಅಂದವೇ ಮುಚ್ಚಿಹೋಗುತ್ತದೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಕರಿ ಲೆದರ್ ಜಾಕೆಟೇ ಬೇಕಂತೆ, ಫೋನಿನಲ್ಲಿ ಫೋಟೊ ತೋರಿಸಿದ್ದಾಳೆ. ಜನವರಿಯಲ್ಲಿ ಕಲಬುರಗಿಯಲ್ಲಿ ಸಂಬಂಧಿಕರ ಮದುವೆ ಇದೆ, ಆರತಕ್ಷತೆ ರಾತ್ರಿ ಬಯಲಿನಲ್ಲಿ. ಅಲ್ಲಿಗೂ ಹಾಕಿಕೊಂಡು ಹೋಗುವಂಥದ್ದು ಆದರೆ ಒಳ್ಳೆಯದು.

ಮೂವರಿಗೂ ಸೇರಿ 9-10 ಸಾವಿರದವರೆಗೆ ಖರ್ಚು ಮಾಡಬಹುದು. ಗಾದಿ ಸುತ್ತಿಕೊಂಡ ಹಾಗೆ ಕಾಣಬಾರದು, ಅಷ್ಟೇ ನನ್ನ ಆಸೆ. ಏನು ತಗೊಳ್ಳಲಿ?

ಹುಮನಾಬಾದ್ ಹುಡುಗ

ಅಕ್ಕಾ, ಮಾಸ್ತರಿಗೆ ಬೇಕಿರುವುದು ಇನ್ನೊಂದು ಸ್ವೆಟರ್ ಅಲ್ಲ, ಗಾಳಿ ತಡೆಯುವ ಜಾಕೆಟ್. ನಾನೂ ದಿನಾ ಬೈಕ್ ಮೇಲೇ ಓಡಾಡುವವನು. ಹೊರಗೆ 10 ಡಿಗ್ರಿ ಇದ್ದಾಗ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈಗೆ ತಾಗುವ ಥಂಡಿ ಸುಮಾರು 6 ಡಿಗ್ರಿಯದು. ಸ್ವೆಟರ್ ಹೆಣಿಗೆಯ ಸಂದಿಯಲ್ಲಿ ಗಾಳಿ ನೇರ ಒಳಗೆ ನುಗ್ಗುತ್ತದೆ. ಎರಡು ಹಾಕಿದರೂ ಅಷ್ಟೇ, ನಾಲ್ಕು ಹಾಕಿದರೂ ಅಷ್ಟೇ. ತೆಳ್ಳಗಿದ್ದರೂ ಪರವಾಗಿಲ್ಲ, ಮೇಲಿನ ಬಟ್ಟೆ ಒತ್ತು ನೇಯ್ಗೆಯದಿರಬೇಕು. ಕೈಗೆ ಗ್ಲೌಸ್ ಮರೆಯಬೇಡಿ.

ಕಸ್ತೂರಿ ಟೇಲರ್, ಕಲಬುರಗಿ

ಶ್ರೀದೇವಿ ಅವರೇ, ನಾನು ಹೊಲಿಗೆ ಕೆಲಸದವಳು. ಚಳಿಗಾಲ ಬಂತೆಂದರೆ ನಮ್ಮ ಅಂಗಡಿಗೆ ಹೊಸ ಬ್ಲೌಸಿಗಿಂತ ಜಾಸ್ತಿ ಬರುವುದು ಕೋಟು, ಜಾಕೆಟ್ ರಿಪೇರಿ. ಚೈನ್ ಬದಲಿಸು, ಅಸ್ತರ ಹರಿದಿದೆ, ತೋಳು ಉದ್ದ ಆಯಿತು, ಬಗಲು ಬಿಗಿ ಆಯಿತು. ಅಂದರೆ ಕೋಟಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡುವುದೇ ನನ್ನ ದಿನದ ಕೆಲಸ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಮ್ಮ ಕಡೆಯ ಚಳಿ ಎಂಥದ್ದು ಅಂತ ನೋಡಿ. ಮಲೆನಾಡಿನ ಹಾಗೆ ದಿನವಿಡೀ ತೇವದ ಚಳಿ ಅಲ್ಲ. ಒಣ ಚಳಿ, ಮುಂಜಾನೆ ಮತ್ತು ರಾತ್ರಿಯದು. ಡಿಸೆಂಬರ್, ಜನವರಿಯಲ್ಲಿ ಬೀದರ್‌ನಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದಲ್ಲ. ಅದೇ ದಿನ ಮಧ್ಯಾಹ್ನ ಫ್ಯಾನ್ ಹಾಕೋಣ ಅನ್ನಿಸುತ್ತದೆ. ಇಂಥ ಊರಿಗೆ ಒಂದೇ ದಪ್ಪ ಕೋಟು ತಂದರೆ ಬೆಳಿಗ್ಗೆ ಎರಡು ತಾಸು ಉಪಯೋಗ, ಉಳಿದ ಹೊತ್ತು ಕೈಯಲ್ಲಿ ಹೊರೆ. ಒಳಗೊಂದು ಬೆಚ್ಚನೆಯದು, ಹೊರಗೊಂದು ಗಾಳಿ ತಡೆಯುವುದು, ಎರಡನ್ನೂ ಬೇರೆ ಬೇರೆ ಬಿಚ್ಚುವ ಹಾಗಿರಬೇಕು. ಚೆಂದ ಕಾಣುವುದೂ ಇದರಿಂದಲೇ. ದಪ್ಪ ಕಡಿಮೆ ಆದಷ್ಟೂ ಮೈಗೆ ಸರಿಯಾಗಿ ಕೂರುತ್ತದೆ.

ಮಾಸ್ತರಿಗೆ ಹೇಳುವುದಾದರೆ, ಒಳಗೆ ಒಂದು ಫ್ಲೀಸ್ (ತುಪ್ಪಳದ ಹಾಗೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯ ಸ್ವೆಟರ್), ಮೇಲೆ ಒತ್ತು ನೇಯ್ಗೆಯ ನೈಲಾನ್ ಅಥವಾ ಗ್ಯಾಬರ್ಡಿನ್ ಜಾಕೆಟ್. ಹುಮನಾಬಾದ್ ತಮ್ಮ ಹೇಳಿದ್ದು ಸರಿ ಇದೆ. 1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬರಿ ಗ್ಯಾಬರ್ಡಿನ್ ಬಟ್ಟೆ ಮಾಡಿದ್ದೇ ಮಳೆ ಗಾಳಿ ಒಳಗೆ ಬರಬಾರದು ಅಂತ. ತೆಳ್ಳಗಿರುತ್ತದೆ, ಇಸ್ತ್ರಿ ನಿಲ್ಲುತ್ತದೆ, ಶಾಲೆಗೆ ಗೌರವವಾಗಿಯೂ ಕಾಣುತ್ತದೆ. ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ ನೋಡಿ. ಆಚೆ ಬದಿ ಅಂಗೈಗೆ ಉಸಿರು ತಾಗಿದರೆ ಬೈಕಿಗೆ ಅದು ಬೇಡ.

ಹಾಕಿ ನೋಡುವಾಗ ಎಲ್ಲರೂ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಲ್ಲುತ್ತಾರೆ. ಬೈಕ್ ಓಡಿಸುವವರು ಹಾಗೆ ನೋಡಿದರೆ ಸಾಲದು. ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಬೇಕು. ಆಗ ತೋಳು ಮೇಲೇರಿ ಮಣಿಕಟ್ಟು ಕಂಡರೆ ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ. ಬೆನ್ನು ಬಿಗಿದು ಸೊಂಟದ ಹಿಂದೆ ಜಾಕೆಟ್ ಮೇಲಕ್ಕೆ ಎದ್ದರೆ ಅದೂ ಬೇಡ. ಒಳಗೆ ಹಾಕುವ ಫ್ಲೀಸ್ ಹಾಕಿಕೊಂಡೇ ಅಂಗಡಿಗೆ ಹೋಗಲಿ.

ಈಗ ಮುಖ್ಯ ಮಾತು, ಇದನ್ನು ದಯವಿಟ್ಟು ನೆನಪಿಡಿ. ಭುಜ ಸರಿ ಇಲ್ಲದ ಕೋಟು ಎಷ್ಟೇ ಅಗ್ಗ ಸಿಕ್ಕರೂ ತಗೋಬೇಡಿ. ತೋಳು ಕಡಿಮೆ ಮಾಡಬಹುದು, ಸೊಂಟ ಹಿಡಿಯಬಹುದು, ಉದ್ದ ಮಡಚಬಹುದು. ಭುಜ ಮಾತ್ರ ಬಿಚ್ಚಿ ಕೂರಿಸುವುದು ದೊಡ್ಡ ಕೆಲಸ. ಕೂಲಿಯೂ ಜಾಸ್ತಿ, ಮೊದಲಿನ ಅಂದವೂ ಬರುವುದಿಲ್ಲ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಕಡೆಯೇ ನಿಲ್ಲಬೇಕು. ಕೋಟಿಗೆ ಬೆರಳಿನಷ್ಟು ಆಚೆ ಹೋದರೆ ನಡೆಯುತ್ತದೆ, ಒಳಗೆ ಬಟ್ಟೆ ಇರುತ್ತದಲ್ಲ. ಅದಕ್ಕಿಂತ ಆಚೆ ಇಳಿದರೆ ಅಣ್ಣನ ಕೋಟು ತಮ್ಮ ಹಾಕಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಚೈನ್ ಮೇಲೆ ಕೆಳಗೆ ಒಂದೇ ಕೈಯಲ್ಲಿ ಎಳೆದು ನೋಡಿ. ಅಸ್ತರಕ್ಕೆ ಸಿಕ್ಕಿಕೊಳ್ಳುವ ಚೈನ್ ಮನೆಗೆ ಬಂದ ಮೇಲೂ ಸಿಕ್ಕಿಕೊಳ್ಳುತ್ತದೆ. ಚೈನಿನ ಹಿಂದೆ ಒಂದು ಬಟ್ಟೆ ಪಟ್ಟಿ ಇದ್ದರೆ ಬೈಕಿಗೆ ಬಹಳ ಒಳ್ಳೆಯದು, ಹಲ್ಲಿನ ಸಂದಿಯಿಂದ ಗಾಳಿ ಬರುವುದಿಲ್ಲ.

ಶ್ರೀದೇವಿ, ಬೀದರ್

ಕಸ್ತೂರಿ ಅಕ್ಕಾ, ಭಾಳ ಉಪಕಾರ ಆಯಿತು. ಊದಿ ನೋಡುವುದು ಇವತ್ತೇ ಇವರ ಹಳೆ ಜಾಕೆಟ್‌ಗೆ ಮಾಡಿದೆ, ಉಸಿರು ಹಾಗೇ ಆಚೆ ಬಂತು! ಸೀರೆ ಮೇಲೆ ಹಾಕುವುದಕ್ಕೆ ಏನು ಮಾಡಲಿ? ಮತ್ತೆ ಉಣ್ಣೆ ಕೋಟು ಅಂತ ಮಾರುತ್ತಾರಲ್ಲ, ಅದು ನಿಜವಾಗಿ ಉಣ್ಣೆಯೋ ಅಲ್ಲವೋ ತಿಳಿಯುವುದು ಹೇಗೆ?

ಕಸ್ತೂರಿ ಟೇಲರ್, ಕಲಬುರಗಿ

ಸೀರೆಗೆ ಉಣ್ಣೆ ಮಿಶ್ರಣದ ಉದ್ದ ಕೋಟು ತಗೊಳ್ಳಿ. ಮುಂದೆ ಪೂರ್ತಿ ತೆರೆದಿರಬೇಕು, ಮೊಣಕಾಲಿನವರೆಗೆ ಅಥವಾ ಒಂದು ಗೇಣು ಮೇಲೆ ನಿಲ್ಲಬೇಕು. ಸೊಂಟಕ್ಕೇ ಮುಗಿಯುವ ಜಾಕೆಟ್ ಹಾಕಿದರೆ ಸೆರಗು ಅದರ ಕೆಳಗಿನಿಂದ ಉಬ್ಬಿ ಬರುತ್ತದೆ, ನೆರಿಗೆ ಹೊಟ್ಟೆಯ ಹತ್ತಿರ ಗುಡ್ಡೆ ಆಗುತ್ತದೆ. ಉದ್ದ ಕೋಟಿನಲ್ಲಿ ಹಾಗಲ್ಲ. ಮುಂದೆ ನೆರಿಗೆ ನೇರ ಇಳಿದಿರುವುದು ಕಾಣುತ್ತದೆ, ಎರಡೂ ಬದಿಗೆ ಕೋಟು. ಇಳಕಲ್ ಸೀರೆಗೆ ಇದು ಎಷ್ಟು ಚೆಂದ ಒಪ್ಪುತ್ತದೆ ಅಂದರೆ, ಕೆಳಗಿನ ಅಂಚು ಕೋಟಿನ ಕೆಳಗೆ ಒಂದು ಪಟ್ಟಿಯಾಗಿ ಎದ್ದು ಕಾಣುತ್ತದೆ.

ಕಾಲರ್ ಅಗಲ ಬೇಡ. ಕಾಲರ್ ಇಲ್ಲದ್ದು ಅಥವಾ ಸಣ್ಣ ನಿಂತ ಕಾಲರ್ ಸಾಕು. ಸೆರಗು ಇರುವ ಭುಜದ ಮೇಲೆ ಮೊದಲೇ ಬಟ್ಟೆ ಜಾಸ್ತಿ ಇರುತ್ತದೆ, ಮೇಲೆ ಪ್ಯಾಡ್ ಇಟ್ಟ ಕೋಟು ಬಂದರೆ ಒಂದು ಭುಜ ಎತ್ತರ ಕಾಣುತ್ತದೆ. ಪ್ಯಾಡ್ ಇದ್ದರೆ ತೆಗೆಸಿಬಿಡಿ, ಅದು ಸಣ್ಣ ಕೆಲಸ. ಸೆರಗಿನ ಪಿನ್ ಒಳಮುಖ ಮಾಡಿ ಹಾಕಿ. ನಮ್ಮಲ್ಲಿಗೆ ಬರುವ ಹೆಂಗಸರ ಕೋಟುಗಳಲ್ಲಿ ಅಸ್ತರ ಹರಿಯುವುದು ಬಹುಪಾಲು ಎಡ ಭುಜದ ಹತ್ತಿರವೇ, ಆ ಪಿನ್ನಿನಿಂದ.

ಸ್ಕೂಟಿ ಮೇಲೆ ಕೂರುವಾಗ ಸೆರಗು ಕೋಟಿನ ಒಳಗೇ ಇರಲಿ, ಕೋಟಿನ ಗುಂಡಿ ಹಾಕಿ, ಕೋಟಿನ ಹಿಂದಿನ ಅಂಚು ಸೀಟಿನ ಮೇಲೆ ಮಡಚಿ ಕೂತುಕೊಳ್ಳಿ. ಚಕ್ರಕ್ಕೆ ಸೆರಗು, ದುಪಟ್ಟಾ ಸಿಕ್ಕಿ ಆಗುವ ಅನಾಹುತ ಸಣ್ಣದಲ್ಲ. ಈ ವಿಷಯದಲ್ಲಿ ಶಾಲಿಗಿಂತ ಕೋಟೇ ಮೇಲು ಅಂತ ನಾನು ಎಲ್ಲ ಹೆಣ್ಣುಮಕ್ಕಳಿಗೂ ಹೇಳುತ್ತೇನೆ.

ಉಣ್ಣೆ ಪರೀಕ್ಷೆ ಸುಲಭ. ಕೋಟಿನ ಒಳಬದಿ ಹೊಲಿಗೆ ಅಂಚಿನಿಂದ ಒಂದು ಎಳೆ ಕೀಳಿ. ಅಂಗಡಿಯವರನ್ನು ಕೇಳಿಯೇ ಕೀಳಿ. ಆಚೆ ಬಂದು ಕಡ್ಡಿ ಗೀರಿ ಹಿಡಿಯಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿ ಆಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಎರಡೂ ಕಂಡರೆ ಮಿಶ್ರಣ. ಮಿಶ್ರಣ ಕೆಟ್ಟದ್ದೇನಲ್ಲ, ನಿಮ್ಮ ಬಜೆಟ್ಟಿಗೆ ಅದೇ ಸಿಗುವುದು. ಒಳಗಿನ ಚೀಟಿ ಓದಿ, ಅರ್ಧಕ್ಕಿಂತ ಜಾಸ್ತಿ ಉಣ್ಣೆ ಇದ್ದರೆ ಧೈರ್ಯವಾಗಿ ತಗೊಳ್ಳಿ. ಪೂರ್ತಿ ಹೊಸ ಉಣ್ಣೆಯ ಬಟ್ಟೆಗೆ ಉಲ್‌ಮಾರ್ಕ್ ಗುರುತು ಇರಬಹುದು, 1964ರಿಂದ ಇದೆ ಅದು. ನಮ್ಮ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಎತ್ತಿದ ಕೈ, ಆದರೆ ಒರಟು. ಮೈಗೆ ಮೆತ್ತಗಿರುವ ಕೋಟಿಗೆ ಮೆರಿನೋ ಜಾತಿಯ ನಯವಾದ ಉಣ್ಣೆ ಬೇಕು.

ಬಣ್ಣ? ಕಂದು, ಮರೂನ್, ಕಡು ನೀಲಿ. ಕಪ್ಪು ಬೇಡ ಅಂತೀನಿ. ಬೀದರ್‌ನ ಕೆಂಪು ಮಣ್ಣಿನ ಧೂಳು ಕಪ್ಪು ಉಣ್ಣೆಯ ಮೇಲೆ ಸಂಜೆಯೊಳಗೆ ಕಾಣುತ್ತದೆ.

ಯಾದಗಿರಿ ಟು ದಿಲ್ಲಿ

ನಾನು ಕೆಲಸಕ್ಕೆ ದಿಲ್ಲಿಯಲ್ಲಿ ಇದ್ದೇನೆ. ಇಲ್ಲಿ ಎಲ್ಲರೂ ಪಫರ್, ಅಂದರೆ ಒಳಗೆ ತುಂಬಿ ಅಡ್ಡ ಹೊಲಿಗೆ ಹಾಕಿದ ಉಬ್ಬು ಜಾಕೆಟ್ ಹಾಕುತ್ತಾರೆ, ಆನ್‌ಲೈನ್‌ನಲ್ಲಿ ಅಗ್ಗಕ್ಕೂ ಸಿಗುತ್ತದೆ. ಮಾಸ್ತರಿಗೆ ತೆಳು ಪಫರ್ ಆಗುವುದಿಲ್ವಾ? ಮಡಚಿದರೆ ಬ್ಯಾಗಿನೊಳಗೆ ಹೋಗುತ್ತದೆ. ಒಳಗೆ ಬಾತುಕೋಳಿ ಪುಕ್ಕ ತುಂಬಿದ್ದು ಬಹಳ ಹಗುರ, ಆದರೆ ನೆನೆದರೆ ಮುದ್ದೆಯಾಗಿ ಬೆಚ್ಚಗೆ ಇಡುವುದಿಲ್ಲ. ಪಾಲಿಯೆಸ್ಟರ್ ತುಂಬಿದ್ದು ನೆನೆದರೂ ಅಷ್ಟು ಕೆಡುವುದಿಲ್ಲ. ನಮ್ಮ ಕಡೆಗೆ ಪುಕ್ಕದ್ದು ಬೇಕಾಗುವುದೇ ಇಲ್ಲ ಅಂತ ನನ್ನ ಅಭಿಪ್ರಾಯ.

ಕಸ್ತೂರಿ ಟೇಲರ್, ಕಲಬುರಗಿ

ಆಗುತ್ತದೆ ತಮ್ಮಾ, ಒಳ್ಳೆ ಮಾತು. ಫ್ಲೀಸ್ ಬದಲು ತೆಳು ಪಫರ್ ಹಾಕಿದರೆ ಅದೊಂದೇ ಸಾಕಾಗಬಹುದು. ಅಡ್ಡ ಹೊಲಿಗೆ ಹತ್ತಿರ ಹತ್ತಿರ ಇರುವುದನ್ನು ಆರಿಸಲಿ. ಆಗ ಉಬ್ಬು ಕಡಿಮೆ ಕಾಣುತ್ತದೆ, ಒಳಗಿನ ತುಂಬು ಕೆಳಗೆ ಜಾರುವುದೂ ಇಲ್ಲ. ಎರಡು ಬೆರಳಲ್ಲಿ ಒಂದು ಮಡಿಕೆ ಚಿವುಟಿ ನೋಡಿ, ಬಿಟ್ಟ ತಕ್ಷಣ ಎದ್ದು ನಿಲ್ಲಬೇಕು. ಹೊಲಿಗೆ ತೂತಿನಿಂದ ಬಿಳಿ ಎಳೆ ಇಣುಕುತ್ತಿದ್ದರೆ ವಾಪಸ್ ಕೊಟ್ಟುಬಿಡಿ.

ಆರತಕ್ಷತೆಗೆ ಮಾತ್ರ ಪಫರ್ ಬೇಡ. ಮಾಸ್ತರಿಗೆ ಬಂದ್‌ಗಲಾ ಕೋಟು ಒಂದು ಹೊಲಿಸಿ, ಕುತ್ತಿಗೆವರೆಗೆ ಗುಂಡಿ ಇರುವುದರಿಂದ ಥಂಡಿಗೂ ಆಗುತ್ತದೆ. ಬಟ್ಟೆ ತಂದುಕೊಟ್ಟರೆ ಬೀದರ್‌ನಲ್ಲೇ ಚೆನ್ನಾಗಿ ಹೊಲಿಯುವವರು ಇದ್ದಾರೆ. ಆದರೆ ಮದುವೆ ಸೀಸನ್‌ನಲ್ಲಿ ಎಲ್ಲ ಟೇಲರ್‌ಗಳ ಕೈ ತುಂಬಿರುತ್ತದೆ, ಈಗಲೇ ಅಳತೆ ಕೊಡಿ.

ಶ್ರೀದೇವಿ, ಬೀದರ್

ಅಕ್ಕಾ, ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಲೆದರ್ ಜಾಕೆಟ್ ಬಗ್ಗೆ ಒಂದು ಮಾತೂ ಬರೆದಿಲ್ಲ ಅಂತ ಅವಳಿಗೆ ಸಿಟ್ಟು. 1,500 ರೂಪಾಯಿದು ನೋಡಿಟ್ಟಿದ್ದಾಳೆ.

ಕಸ್ತೂರಿ ಟೇಲರ್, ಕಲಬುರಗಿ

ಪುಟ್ಟೀ, ಆ ಬೆಲೆಗೆ ನಿಜವಾದ ಚರ್ಮ ಬರುವುದಿಲ್ಲ. ಅದು ಬಟ್ಟೆಯ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಬಳಿದದ್ದು. ಮೊದಲ ಚಳಿಗಾಲಕ್ಕೆ ಹೊಳೆಯುತ್ತದೆ, ಫೋಟೊದಲ್ಲಿ ಚೆನ್ನಾಗಿ ಬರುತ್ತದೆ. ಆಮೇಲೆ ನಮ್ಮ ಬೇಸಿಗೆ ಬರುತ್ತದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೀರುವಿನೊಳಗಿನ ಸೆಕೆ, ಹಿಂದೆಯೇ ಮಳೆಗಾಲದ ತೇವ, ಬಟ್ಟೆಗೆ ಅಂಟಿದ ಬೆವರು ಎಲ್ಲ ಸೇರಿ ಆ ಪದರ ಬಿರುಕು ಬಿಡುತ್ತದೆ. ಕಾಲರ್ ಮತ್ತು ಮೊಣಕೈಯಲ್ಲಿ ಮೊದಲು ಚಕ್ಕೆ ಏಳುತ್ತದೆ. ಅದನ್ನು ಹೊಲಿದು ಸರಿ ಮಾಡಲು ಯಾವ ಟೇಲರಿಗೂ ಆಗುವುದಿಲ್ಲ.

ನಿನಗೆ ಬಾಂಬರ್ ಜಾಕೆಟ್ ಹೇಳುತ್ತೇನೆ. 1950ರ ದಶಕದಲ್ಲಿ ಅಮೆರಿಕದ ವಿಮಾನ ಚಾಲಕರು ಹಾಕುತ್ತಿದ್ದ ಎಂಎ-1 ಅಂತ ಹುಡುಕಿ ನೋಡು. ನೈಲಾನ್ ಬಟ್ಟೆ, ಗಾಳಿ ತಡೆಯುತ್ತದೆ. ಕತ್ತು, ಮಣಿಕಟ್ಟು, ಸೊಂಟ ಮೂರು ಕಡೆ ಹೆಣಿಗೆ ಪಟ್ಟಿ. ಮುಂದೆ ಬಂದ ಜಾಕೆಟ್‌ಗಳಿಗೆ ಒಳಗೆ ಕಿತ್ತಳೆ ಬಣ್ಣದ ಅಸ್ತರ ಬಂತು. ಆಪತ್ತಿನಲ್ಲಿ ಜಾಕೆಟ್ ತಿರುವಿ ಹಾಕಿಕೊಂಡರೆ ಹುಡುಕುವವರಿಗೆ ದೂರದಿಂದ ಕಾಣಲಿ ಅಂತ. ಜೀನ್ಸ್ ಮೇಲೂ ಹಾಕು, ಕುರ್ತಾ ಮೇಲೂ ಹಾಕು. ಕುರ್ತಾ ಮೇಲೆ ಹಾಕುವಾಗ ಚೈನ್ ತೆರೆದೇ ಬಿಡು, ಸೊಂಟದ ಪಟ್ಟಿ ಕುರ್ತಾವನ್ನು ಮುದುರುವುದಿಲ್ಲ. ಕಪ್ಪೇ ಬೇಕಂದರೆ ಕಪ್ಪೇ ತಗೋ, ನೈಲಾನ್ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗುತ್ತದೆ.

ಶ್ರೀದೇವಿ ಅವರೇ, ಹಣ ಹಂಚುವಾಗ ನಿಮ್ಮ ಉಣ್ಣೆ ಕೋಟಿಗೆ ಜಾಸ್ತಿ ಇಡಿ. ಅದು ವರ್ಷಗಟ್ಟಲೆ ಬರುತ್ತದೆ. ಮಾರ್ಚ್ ಬಂದ ಮೇಲೆ ಮೊದಲು ಬ್ರಷ್ ಮಾಡಿ, ನೆರಳಿನಲ್ಲಿ ಗಾಳಿಗೆ ಹಾಕಿ, ಅಗಲ ಹ್ಯಾಂಗರಿನಲ್ಲಿ ಹತ್ತಿ ಬಟ್ಟೆ ಮುಚ್ಚಿ ತೂಗುಹಾಕಿ. ಪ್ಲಾಸ್ಟಿಕ್ ಕವರ್ ಬೇಡ. ಕೊಳೆ, ಬೆವರು ಉಳಿದ ಉಣ್ಣೆಗೇ ನುಸಿ ಹುಳ ಬೇಗ ಬರುವುದು, ಅದಕ್ಕೇ ಶುಚಿ ಮಾಡಿಯೇ ಇಡಬೇಕು.

ಶ್ರೀದೇವಿ, ಬೀದರ್

ಬಾಂಬರ್ ಫೋಟೊ ನೋಡಿ ಮಗಳು ಒಪ್ಪಿದಳು ರೀ, ಹಸಿರು ಬಣ್ಣದ್ದೇ ಬೇಕಂತೆ. ನಾಳೆ ಭಾನುವಾರ, ಇವರ ಫ್ಲೀಸ್ ಹಾಕಿಸಿಕೊಂಡೇ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಕೋಟಿಗೆ ಭುಜದ ಪ್ಯಾಡ್ ಇದ್ದರೆ ಮದುವೆಗೆ ಬಂದಾಗ ನಿಮ್ಮಲ್ಲೇ ತೆಗೆಸಬಹುದಾ ಅಕ್ಕಾ?

ಕಸ್ತೂರಿ ಟೇಲರ್, ಕಲಬುರಗಿ

ಬನ್ನಿ. ಮುಂಜಾನೆ ಕೊಟ್ಟರೆ ಆರತಕ್ಷತೆ ಹೊತ್ತಿಗೆ ಕೊಡುತ್ತೇನೆ. ಆ ದಿನ ಉಡುವ ಸೀರೆ, ಬ್ಲೌಸ್ ಜೊತೆಗೇ ತನ್ನಿ, ಅದರ ಮೇಲೇ ಹಾಕಿ ನೋಡಬೇಕು.