ಅಪ್‌ಡೇಟ್: ಕಂಸಾಳೆ, ತಮಟೆ ತಂಡಗಳ ಜೊತೆ ಗಿಟಾರ್ ನುಡಿಸಿದೆ

ಜಾನಪದ ಉತ್ಸವದಲ್ಲಿ ಕಂಸಾಳೆ ಮತ್ತು ತಮಟೆ ತಂಡಗಳ ಜೊತೆ ನಮ್ಮ ಬ್ಯಾಂಡ್ ನುಡಿಸಬೇಕಿದೆ, ತಾಳಕ್ಕೆ ಕ್ಲಿಕ್ ಟ್ರ್ಯಾಕ್ (ಒಂದೇ ವೇಗದಲ್ಲಿ ಕಿವಿಗೆ ಕೇಳಿಸುವ ಟಿಕ್ ಟಿಕ್ ಸದ್ದು) ಬೇಕಾ, ಗಿಟಾರ್ ಕೇಳಿಸುತ್ತದಾ ಅಂತ ಕೇಳಿದ್ದೆ. ಕಾರ್ಯಕ್ರಮ ಚೆನ್ನಾಗಿ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕ್ಲಿಕ್ ಟ್ರ್ಯಾಕ್ ಬೇಕಾಗಲೇ ಇಲ್ಲ. ಬೀಸು ಕಂಸಾಳೆಯಲ್ಲಿ ಕುಣಿತ ಏರಿದ ಹಾಗೆ ಲಯವೂ ಏರುತ್ತದೆ. ಅದನ್ನು ಕಟ್ಟಿಹಾಕಬಾರದು. ತಂಡದ ಹಿರಿಯರೊಬ್ಬರು, "ನಮ್ ಕಾಲು ನೋಡ್ಕಂಡು ಬಾರ್ಸು ಮಗ" ಅಂದರು. ಹಾಗೇ ಮಾಡಿದೆ. ಅವರ ಎಡಗೈಲಿ ಬಟ್ಟಲಿನಂಥ ತಾಳ, ಬಲಗೈಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಅದನ್ನು ತಲೆ ಮೇಲಿಂದ, ಬೆನ್ನ ಹಿಂದಿನಿಂದ ಬೀಸಿ ತಂದು ಹೊಡೆಯುವಾಗಲೂ ಒಂದು ಪೆಟ್ಟು ಆಚೀಚೆ ಆಗಲ್ಲ!

ಶ್ರುತಿ ಮಾತ್ರ ಮೊದಲೇ ಗೊತ್ತಾಗಲ್ಲ. ಮಾದಪ್ಪನ (ಮಲೆ ಮಹದೇಶ್ವರನ) ಪದ ಶುರು ಮಾಡುವವರು ಅವತ್ತಿನ ಗಂಟಲಿಗೆ ತಕ್ಕ ಹಾಗೆ ಎತ್ತಿಕೊಳ್ಳುತ್ತಾರೆ. ಮೊದಲ ಸಾಲು ಕೇಳಿ ಕೇಪೋ (ಗಿಟಾರ್ ಶ್ರುತಿ ಏರಿಸುವ ಕ್ಲಿಪ್) ಹಾಕಿಕೊಂಡೆ. ಕಾರ್ಡ್‌ಗಳನ್ನೂ (ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು) ಕಡಿಮೆ ಮಾಡಿದೆ. ಎರಡು ತಂತಿಯ ಶ್ರುತಿ ಹಿಡಿದರೆ ಹಾಡು ನಿಚ್ಚಳವಾಗಿ ಕೇಳುತ್ತದೆ.

ತಮಟೆಯವರು ವೇದಿಕೆ ಹಿಂದೆ ಬೆಂಕಿ ಹಾಕಿ ಚರ್ಮ ಕಾಯಿಸಿಕೊಂಡರು. ಬಿಸಿಗೆ ಚರ್ಮ ಬಿಗಿಯಾಗಿ ನಾದ ಖಣಖಣ ಅನ್ನುತ್ತದೆ. ಅದಕ್ಕೆ ಟೈಮ್ ಬೇಕು, ಸೌಂಡ್ ಚೆಕ್ ಪಟ್ಟಿಯಲ್ಲೇ ಸೇರಿಸಿಬಿಡಿ. ತಮಟೆಗೆ ಮೈಕ್ ಇಡಲಿಲ್ಲ, ಗಿಟಾರ್‌ಗೆ ಮಾತ್ರ ಲೈನ್ ಕೊಟ್ಟೆವು, ಅಂದರೆ ವೈರ್‌ನಲ್ಲಿ ನೇರ ಸೌಂಡ್ ಸಿಸ್ಟಮ್‌ಗೆ ಜೋಡಿಸಿದೆವು. ಎರಡೂ ಕೇಳಿಸಿದವು.

ದೀಪಾವಳಿ ಜಾತ್ರೆಗೆ ಮಹದೇಶ್ವರ ಬೆಟ್ಟಕ್ಕೆ ಬನ್ನಿ ಅಂತ ಕಂಸಾಳೆಯವರು ಕರೆದಿದ್ದಾರೆ. ಖಂಡಿತ ಹೋಗುತ್ತೇನೆ.