ಎರಡು ದಿನ ಬೆಂಗಳೂರು, ಅಮ್ಮನೂ ಬರ್ತಿದ್ದಾರೆ. ಸ್ವಲ್ಪ ಹೇಳಿ

ನಮಸ್ಕಾರ, ನಾವು ದಾವಣಗೆರೆಯವರು. ಶನಿವಾರ ಬೆಳಗ್ಗೆ ರೈಲಿಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬರಬೇಕು. ನಾನು, ಅಮ್ಮ, ಎಂಟು ವರ್ಷದ ಮಗ. ಮಗನಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಲೇಬೇಕಂತೆ, ಅಮ್ಮನಿಗೆ ಲಾಲ್‌ಬಾಗ್ ಸಾಕು, ಆದರೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಯಶವಂತಪುರದಲ್ಲೇ ಇಳಿದು ಹಸಿರು ಮೆಟ್ರೋ ಹಿಡಿದರೆ ಸೀದಾ ಲಾಲ್‌ಬಾಗ್ ಅಲ್ವಾ? ಮ್ಯೂಸಿಯಂಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು, ಅಲ್ಲಿ ಲಿಫ್ಟ್ ಸುಲಭವಾಗಿ ಸಿಗುತ್ತಾ, ಇಲ್ಲ ಸುಮ್ನೆ ಆಟೋ ಮಾಡೋದೇ ವಾಸಿನಾ? ಉಳಿಯೋಕೆ ಬಸವನಗುಡಿ ಕಡೆ ಎರಡು ಸಾವಿರದೊಳಗೆ ರೂಮ್ ಇದ್ದರೆ ತಿಳಿಸಿ. ಹೋದ ಸಲ ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜ್‌ನಲ್ಲಿ ರಾತ್ರಿಯಿಡೀ ಬಸ್ ಹಾರ್ನ್ ಕೇಳಿ ಕೂತಿದ್ವಿ. ದೋಸೆ ಹೋಟೆಲ್ ಹೆಸರು ಬೇಡ, ಬೆಣ್ಣೆದೋಸೆ ಊರಿಂದ ಬರ್ತಿದ್ದೀವಿ, ಒಳ್ಳೆ ಊಟದ ಜಾಗ ಹೇಳಿ.