ಶುಭಾಗೆ ದೊಡ್ಡಪ್ಪನ ವಾಯ್ಸ್: ಆದಿಯ ಆಲ್ಬಂ ವಿಮರ್ಶೆ ವಿಷಯ

ಹಾಂ ಶುಭಾ, ಫ್ಯಾಮಿಲಿ ಗ್ರೂಪಲ್ಲಿ ನಿನ್ನ ಮೆಸೇಜ್ ನೋಡ್ದೆ ಕಣಮ್ಮ. ಆದಿಗೆ ಕಾಲೇಜ್ ಪತ್ರಿಕೆಯವರು ಈ ಶುಕ್ರವಾರ ಬಂದ ಐದು ಆಲ್ಬಂ ಕೊಟ್ಟಿದಾರೆ, ಕರ್ನಾಟಕ ಸಂಗೀತ, ಭಾವಗೀತೆ, ಸಿನಿಮಾದ್ದು, ರ‍್ಯಾಪ್, ಮೆಟಲ್. ಭಾನುವಾರ ರಾತ್ರಿಯೊಳಗೆ ವಿಮರ್ಶೆ ಕೊಡ್ಬೇಕು, ಹುಡುಗನಿಗೆ ಮೆಟಲ್ ಬಿಟ್ರೆ ಬೇರೇದು ಗೊತ್ತಿಲ್ಲ, ಒಪ್ಕೋಬೇಕೋ ಬೇಡ್ವೋ, ಅಲ್ವಾ? ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಮಾತು. ಫೋನ್ ಸ್ಪೀಕರಲ್ಲಿ ಕೇಳಿ ಒಂದಕ್ಷರಾನೂ ಬರೀಕೂಡದು. ಊಟಕ್ಕೆ ಕೂತಾಗ ಫೋನನ್ನ ಸ್ಟೀಲ್ ಲೋಟದೊಳಗೆ ನಿಲ್ಸಿ ಹಾಡು ಹಾಕ್ತಾನಲ್ಲ, ಅದನ್ನೇ ಹೇಳ್ತಿರೋದು.

ನಾನು ಒಂದು ಮಾಸಿಕ ಪತ್ರಿಕೇಲಿ ಪ್ರೂಫ್ ನೋಡ್ತಿದ್ದೆ, ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಒಬ್ರು ವಿಮರ್ಶಕರು ಗಾಯನದ ಆಲ್ಬಂ ಒಂದಕ್ಕೆ ‘ಮೃದಂಗದ ಎಡಗೈ ನಿರ್ಜೀವ’ ಅಂತ ಬರೆದ್ರು. ಅಚ್ಚಾಯ್ತು. ಮೃದಂಗದವರು ಸೀದಾ ಆಫೀಸಿಗೇ ಬಂದ್ರು, ಹೆಡ್‌ಫೋನ್ ಹಾಕ್ಸಿ ಕೇಳ್ಸಿದ್ರು. ಗುಮ್ಕಿ, ಅದೇ ಎಡಗೈಯಿಂದ ಬರೋ ಗುಂಯ್ ಅನ್ನೋ ನಾದ, ಒಂದೊಂದೂ ತುಂಬಿಕೊಂಡು ಬರ್ತಿದೆ! ವಿಮರ್ಶಕರು ಕೇಳಿದ್ದು ಫೋನಲ್ಲಿ. ಅಷ್ಟು ಚಿಕ್ಕ ಸ್ಪೀಕರಿನಿಂದ 200–300 ಹರ್ಟ್ಸ್‌ಗಿಂತ ಕೆಳಗಿನ ನಾದ ಹೆಚ್ಚುಕಮ್ಮಿ ಹೊರಡೋದೇ ಇಲ್ಲ. ಎಡಗಡೆಗೆ ರವೆ ಕಲಸಿ ಹಚ್ಚೋದೇ ಆ ನಾದಕ್ಕೋಸ್ಕರ, ಅದೇ ಹೋದ್ರೆ ಉಳಿಯೋದು ಟಕ್ ಟಕ್ ಅಷ್ಟೇ. ಮೆಟಲ್‌ನವರ ಬೇಸ್ ಗಿಟಾರಲ್ಲಿ ದಪ್ಪ ತಂತಿ ಸಾಮಾನ್ಯ ಶ್ರುತೀಲಿ 41 ಹರ್ಟ್ಸ್, ಅದಂತೂ ಫೋನಿಗೆ ಸಿಗೋ ಮಾತೇ ಅಲ್ಲ. ಮುಂದಿನ ಸಂಚಿಕೇಲಿ ಮೂಲೇಲಿ ಎರಡು ಸಾಲು ತಿದ್ದುಪಡಿ ಹಾಕಿದ್ರು, ಅದನ್ನ ಯಾರು ಓದ್ತಾರೆ? ಆ ಮೃದಂಗದವರು ಮತ್ತೆ ನಮ್ಮ ಆಫೀಸಿನ ಕಡೆ ತಲೆ ಹಾಕ್ಲಿಲ್ಲ.

ಆದಿ, ಕೇಳ್ತಿದೀಯೇನೋ? ವೈರಿನ ಇಯರ್‌ಫೋನ್ ಹಾಕ್ಕೋ, ಎಸ್.ಪಿ. ರಸ್ತೇಲಿ ಸಾವಿರದೊಳಗೆ ಸಿಗುತ್ತೆ. ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರ್ಬೇಕು, ಸಂದಿ ಇದ್ರೆ ಬೇಸ್ ಅಲ್ಲೇ ಸೋರಿಹೋಗುತ್ತೆ. ಆ್ಯಪಲ್ಲಿ ಈಕ್ವಲೈಸರ್ ಆಫ್ ಮಾಡು, ಶಫಲ್ ಆಫ್ ಮಾಡು, ಕ್ವಾಲಿಟಿ ಇರೋದರಲ್ಲಿ ಮೇಲಿಂದು ಇಡು. ವಾಲ್ಯೂಮ್ ನಾರ್ಮಲೈಸ್ ಅಂತ ಇರುತ್ತೆ, ಅದು ಮಾತ್ರ ಆನ್ ಇರ್ಲಿ. ಎರಡು ಆಲ್ಬಮ್ಮಲ್ಲಿ ಯಾವುದು ಸ್ವಲ್ಪ ಜೋರಾಗಿರುತ್ತೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳ್ಬಿಡುತ್ತೆ. ಸ್ಪಾಟಿಫೈ ಎಲ್ಲವನ್ನೂ, ಸದ್ದಿನ ಜೋರು ಅಳೆಯೋ ಲೆಕ್ಕದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಹತ್ರ ತಂದು ನಿಲ್ಸುತ್ತೆ, ಆಗ ನಿಜ ಬಣ್ಣ ಗೊತ್ತಾಗುತ್ತೆ. ನಿನ್ನ ಮೆಟಲ್ ಬ್ಯಾಂಡ್ ಮೆಟಾಲಿಕಾದವರ 2008ರ ಡೆತ್ ಮ್ಯಾಗ್ನೆಟಿಕ್ ಆಲ್ಬಮ್ಮಿನ ಗಲಾಟೆ ನಿನಗೇ ಗೊತ್ತಲ್ಲ. ಜೋರು ಬರ್ಲಿ ಅಂತ ಅದುಮಿ ಅದುಮಿ ಡ್ರಮ್ಮಿನ ಪೆಟ್ಟು ಚಪ್ಪಟೆಯಾಯ್ತು. ಗಿಟಾರ್ ಹೀರೋ ಆಟಕ್ಕೆ ಕೊಟ್ಟ ಅವೇ ಹಾಡು ಅಷ್ಟು ಅದುಮಿರ್ಲಿಲ್ಲ, ಕೇಳಿದೋರೇ ಹೋಲಿಸಿ ಹಿಡಿದ್ರು.

ಕರ್ನಾಟಕ ಸಂಗೀತದ್ದಕ್ಕೆ ಬಂದ್ರೆ, ರಾಗದ ಗುಣ ದೋಷ ನೀನು ಹೇಳೋಕ್ ಹೋಗ್ಬೇಡ. ಆದ್ರೆ ತಂಬೂರಿ ಕೇಳ್ಸುತ್ತಾ ನೋಡು, ಪಿಟೀಲು ಗಾಯಕರ ಮೇಲೆ ಹತ್ತಿ ಕೂತಿದ್ಯಾ ನೋಡು, ಸಾಹಿತ್ಯದಲ್ಲಿ ಪದ ಎಲ್ಲೆಲ್ಲೋ ಒಡೀತಿದ್ಯಾ ನೋಡು. ಸ್ಟುಡಿಯೋದಲ್ಲಿ ಶ್ರುತಿ ತಿದ್ದೋ ಸಾಫ್ಟ್‌ವೇರ್ ಹಾಕಿದ್ರೆ ಗಮಕ, ಅಂದ್ರೆ ಸ್ವರದ ಓಲಾಟ, ಸಾಯುತ್ತೆ. ತೋಡಿ ರಾಗದ ಗಾಂಧಾರ ನಿಂತಲ್ಲಿ ನಿಲ್ಲೋ ಸ್ವರ ಅಲ್ಲ, ಅಲ್ಲಾಡ್ತಾನೇ ಇರ್ಬೇಕು. ಸಾಫ್ಟ್‌ವೇರ್ ಅದನ್ನ ಎಳೆದು ಹಾರ್ಮೋನಿಯಂ ಕೀ ಥರ ಒಂದೇ ಕಡೆ ಕೂರ್ಸುತ್ತೆ, ಆಗ ಜಾರು ಇರ್ಬೇಕಾದ ಕಡೆ ಮೆಟ್ಟಿಲು ಹತ್ತಿದ ಹಾಗೆ ಕೇಳ್ಸುತ್ತೆ. ಅದು ನಿನ್ನ ಕಿವಿಗೂ ಸಿಗುತ್ತೆ. ಭಾವಗೀತೆಗೆ ಕವಿಯ ಪುಸ್ತಕ ಎದುರಿಗೆ ಇಟ್ಕೋ, ಯಾವ ನುಡಿ ಕೈಬಿಟ್ಟಿದಾರೆ, ಯಾವ ಪದ ತಪ್ಪಾಗಿ ಹೇಳಿದಾರೆ ನೋಡು. ರ‍್ಯಾಪಿಗೆ ಒಂದೇ ಪರೀಕ್ಷೆ, ಸಾಹಿತ್ಯ ನೋಡ್ದೇ ಮಾತು ಅರ್ಥ ಆಗುತ್ತಾ ಅಂತ.

ಯಾರು ನುಡಿಸಿದ್ದು ಅಂತ ಹುಡುಕೋಕ್ ಹೋದ್ರೆ ಆ್ಯಪಲ್ಲಿ ಎಷ್ಟೋ ಸಲ ಗಾಯಕರ ಹೆಸರು ಬಿಟ್ಟು ಏನೂ ಇರಲ್ಲ. ಕ್ಯಾಸೆಟ್ಟಿಗೆ ಒಳಗೊಂದು ಹಾಳೆ ಮಡಿಸಿ ಇಡ್ತಿದ್ರು, ತಬಲಾ ಯಾರು, ಕೊಳಲು ಯಾರು, ರೆಕಾರ್ಡಿಂಗ್ ಯಾರು, ಎಲ್ಲ. 1978ರ ನಿತ್ಯೋತ್ಸವ, ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ, ಆ ಕ್ಯಾಸೆಟ್ಟೂ ಇತ್ತು ನಮ್ಮನೇಲಿ. ಇತ್ತು! ಮನೆಗೆ ಬಣ್ಣ ಹೊಡ್ಸೋವಾಗ ಎರಡು ಪೆಟ್ಟಿಗೆ ಕ್ಯಾಸೆಟ್ಟು, ಆಂಪ್ಲಿಫೈಯರ್, ಎಲ್ಲ ಗುಜರಿಗೆ. ಯಾರು ಹಾಕಿದ್ದು ಅಂತ ನಾನು ಹೇಳಲ್ಲ, ಈ ಗ್ರೂಪಲ್ಲೇ ಇದಾರೆ. ‘ಎಲ್ಲ ಫೋನಲ್ಲಿ ಸಿಗುತ್ತಲ್ಲ ಭಾವ’ ಅಂದ್ರು. ಸಿಗಲ್ಲ ಕಣ್ರೀ. ಹಾಡು ಸಿಗುತ್ತೆ, ಆ ಹಾಳೆ ಸಿಗಲ್ಲ.

ಅಯ್ಯೋ, ಶುಭಾ, ನೀನು ಕೇಳಿದ್ದು ಒಪ್ಕೋಬೇಕಾ ಅಂತ ಅಲ್ವಾ. ಐದೂ ಬೇಡ. 2015ರಿಂದ ಪ್ರಪಂಚದಲ್ಲೆಲ್ಲ ಹೊಸ ಆಲ್ಬಂ ಶುಕ್ರವಾರಾನೇ ಬರೋದು, ಅದಕ್ಕೇ ಶನಿವಾರ ಭಾನುವಾರ ಈ ಓಟ. ಒಂದೊಂದು ಮುಕ್ಕಾಲು ಗಂಟೆ ಅಂದ್ಕೊಂಡ್ರೂ ಮೂರು ಮೂರು ಸಲ ಕೇಳೋಕೆ ಹನ್ನೊಂದು ಗಂಟೆ ದಾಟುತ್ತೆ, ಬರೆಯೋದು ಬೇರೆ. ಸಂಪಾದಕರಿಗೆ ಇವತ್ತೇ ಫೋನ್ ಮಾಡಿ ಮೂರು ಕೊಡ್ತೀನಿ ಅನ್ಲಿ: ಮೆಟಲ್, ರ‍್ಯಾಪ್, ಭಾವಗೀತೆ. ಸಿನಿಮಾ ಹಾಡು ಆಗಲೇ ಒಂದೊಂದಾಗಿ ಯೂಟ್ಯೂಬಿಗೆ ಬಂದಿರುತ್ತೆ, ಅದಕ್ಕೆ ಒಂದು ಪ್ಯಾರಾ ಸಾಕು. ಕರ್ನಾಟಕ ಸಂಗೀತದ್ದು ಮುಂದಿನ ವಾರ, ಕಲಿತಿರೋ ಯಾರನ್ನಾದ್ರೂ ಪಕ್ಕ ಕೂರ್ಸ್ಕೊಂಡು.

ಬೆಳಿಗ್ಗೆ ಭಾವಗೀತೆ, ಮಧ್ಯಾಹ್ನ ರ‍್ಯಾಪ್, ಮೆಟಲ್ ಕೊನೇಗೆ. ಮೆಟಲ್ ಮೊದಲು ಕೇಳಿದ್ರೆ ಕಿವಿ ದಣಿದು ಸಣ್ಣ ದನಿ ತಪ್ಪಿಹೋಗುತ್ತೆ. ಮೊದಲನೇ ಸಲ ಪೆನ್ನು ಮುಟ್ಟದೆ ಪೂರ್ತಿ, ಎರಡನೇ ಸಲ ನಿಮಿಷ ಸೆಕೆಂಡು ಸಮೇತ ಟಿಪ್ಪಣಿ, ಮೂರನೇ ಸಲ ಅನುಮಾನ ಇರೋ ಜಾಗ ನಿಧಾನವಾಗಿ. ಒಂದೊಂದಕ್ಕೆ 250 ಪದ ಸಾಕು. ಫೋನ್ ಸ್ಪೀಕರ್ ಬೇಡ ಅಂದೆ ಅಲ್ವಾ? ಬೇಡ. ಇಯರ್‌ಫೋನ್ ತರೋಕೆ ಟೈಮ್ ಇಲ್ದಿದ್ರೆ ಸಂಜೆ ಬಂದು ನಂದು ತಗೊಂಡು ಹೋಗ್ಲಿ, ಸೋಮವಾರ ವಾಪಸ್ ಬರ್ಬೇಕು.